ಪಿ.ಬಿ. ರೋಡಿನ ಹಳೇ ಜಾಡು: ಚಿತ್ರದುರ್ಗದಿಂದ ಹರಿಹರದವರೆಗೆ ಹೆದ್ದಾರಿಯ ಮೊದಲಿನ ದಾರಿ ಹುಡುಕುವ ಬಗೆ

ದಾವಣಗೆರೆಯಲ್ಲಿ ಯಾರನ್ನೇ ನಿಲ್ಲಿಸಿ ಪಿ.ಬಿ. ರೋಡ್ ಎಲ್ಲಿ ಎಂದು ಕೇಳಿ, ಕೈ ಮಾಡಿ ತೋರಿಸುತ್ತಾರೆ. ಪಿ.ಬಿ. ಅಂದರೆ ಏನು ಎಂದು ಕೇಳಿದರೆ ಈಗಿನ ಹುಡುಗರು ಸ್ವಲ್ಪ ಯೋಚಿಸುತ್ತಾರೆ. ಪೂನಾ–ಬೆಂಗಳೂರು. ಆದರೆ ಇವತ್ತು ಪುಣೆಯಿಂದ ಬೆಂಗಳೂರಿಗೆ ಹೊರಟ ಲಾರಿ ಈ ರಸ್ತೆಗೆ ಬರುವುದೇ ಇಲ್ಲ. ಊರ ಹೊರಗಿನ ಬೈಪಾಸಿನಲ್ಲಿ ಹಾದು ಹೋಗುತ್ತದೆ. ದಾರಿ ಪಕ್ಕಕ್ಕೆ ಸರಿಯಿತು, ಹೆಸರು ಇದ್ದಲ್ಲೇ ಉಳಿಯಿತು. ಚಿತ್ರದುರ್ಗದ ಬಿ.ಡಿ. ರಸ್ತೆಯದ್ದೂ ಇದೇ ಕಥೆ. ಬೆಂಗಳೂರು–ದಾವಣಗೆರೆ ರಸ್ತೆ ಎಂಬ ಹೆಸರು ಹೊತ್ತುಕೊಂಡು ಪೇಟೆಯ ನಡುವೆ ಇದೆ.

ಈ ಹಳೇ ದಾರಿಯನ್ನು ತುಂಡು ತುಂಡಾಗಿ ಹುಡುಕಿ ನಕ್ಷೆಯ ಮೇಲೆ ಕೂರಿಸುವುದು ನನಗೆ ಬಹಳ ಇಷ್ಟದ ಕೆಲಸ. ದೊಡ್ಡ ಓದು ಬೇಕಿಲ್ಲ, ದುಡ್ಡೂ ಜಾಸ್ತಿ ಬೇಕಿಲ್ಲ. ತಾಳ್ಮೆ ಬೇಕು, ಒಂದು ನೋಟ್‌ಬುಕ್ ಬೇಕು, ಬಿಸಿಲಲ್ಲಿ ನಡೆಯುವ ಮನಸ್ಸು ಬೇಕು. ಇಡೀ ರಾಜ್ಯ ದಾಟುವ ರಸ್ತೆಯನ್ನು ಒಂದೇ ಸಲ ಹಿಡಿಯಲು ಹೋದರೆ ಕೈ ಸೋಲುತ್ತದೆ. ಅದಕ್ಕೆ ಇಲ್ಲಿ ಚಿತ್ರದುರ್ಗದಿಂದ ಹರಿಹರದ ಹೊಳೆವರೆಗಿನ ಸುಮಾರು 75 ಕಿಲೋಮೀಟರ್ ಇಟ್ಟುಕೊಂಡು ಹೇಳುತ್ತೇನೆ. ಬೆಳಗಾವಿಯವರಾಗಲಿ, ತುಮಕೂರಿನವರಾಗಲಿ ಇದನ್ನೇ ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು.

ಶುರು ಮಾಡುವ ಮುಂಚೆ ಒಂದು ಮಾತು ನೆನಪಿಡಿ. ಹೆದ್ದಾರಿಯ ನಂಬರ್ ಹಿಡಿದು ಹೋಗಬೇಡಿ, ಊರು ಹಿಡಿದು ಹೋಗಿ. ನಂಬರ್ ಬದಲಾಗುತ್ತದೆ, ಇಲಾಖೆ ಬದಲಾಗುತ್ತದೆ, ಡಾಂಬರ್ ಬದಲಾಗುತ್ತದೆ. ಸಂತೆ, ಕೆರೆ, ಹೊಳೆ ದಾಟುವ ಜಾಗ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಹೆಜ್ಜೆ 1: ಯಾವ ಕಾಲದ ದಾರಿ ಎಂದು ಮೊದಲು ತೀರ್ಮಾನಿಸಿ

‘ಹಳೇ ಹೆದ್ದಾರಿ’ ಅಂತ ಒಂದೇ ಒಂದು ಗೆರೆ ಇಲ್ಲ. ಕಾಲಕ್ಕೆ ತಕ್ಕ ಹಾಗೆ ಮೂರು ನಾಲ್ಕು ಗೆರೆಗಳು ಒಂದರ ಪಕ್ಕ ಒಂದು ಮಲಗಿವೆ. ಕಾಲ ಹೇಳದೆ ಹುಡುಕಿದರೆ ಅವೆಲ್ಲ ಕಲಸಿಹೋಗುತ್ತವೆ.

ನಾನು ಮೂರು ಗಡಿ ಹಾಕಿಕೊಂಡಿದ್ದೇನೆ. ಮೊದಲನೆಯದು 1868. ಆ ವರ್ಷ ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು–ಇಟ್ಟಿಗೆಯ ಸೇತುವೆ ಮುಗಿಯಿತು. ಒಂದೊಂದೂ 60 ಅಡಿ ಅಗಲದ 14 ಕಮಾನು, ಖರ್ಚು ಸುಮಾರು 3 ಲಕ್ಷ ರೂಪಾಯಿ. ಬೆಂಗಳೂರು–ಧಾರವಾಡದ ದೊಡ್ಡ ರಸ್ತೆ ಅದರ ಮೇಲೆ ದಾಟಿತು. ಎರಡನೆಯದು 1956–57. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು, 1957ರ ಏಪ್ರಿಲ್ 15ಕ್ಕೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಜಾರಿಗೆ ಬಂತು. ಮೂರನೆಯದು 1999. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಕೂಡಿಸುವ ಸುವರ್ಣ ಚತುಷ್ಪಥ ಯೋಜನೆ ಆಗ ಶುರುವಾಗಿ, ನಮ್ಮ ರಸ್ತೆ ಅದರ ಮುಂಬೈ–ಚೆನ್ನೈ ಬಾಹುವಿನ ಭಾಗವಾಯಿತು. ಆದರೆ ಎಲ್ಲ ಬೈಪಾಸೂ ಅದೇ ಯೋಜನೆಯದ್ದು ಎಂದು ತಿಳಿಯಬೇಡಿ. ಒಂದೊಂದು ಊರಿನ ಬೈಪಾಸಿಗೂ ಅದರದೇ ದಿನಾಂಕ ಹುಡುಕಬೇಕು.

ಸೇತುವೆಗೂ ಹಿಂದಿನ ಕಾಲಕ್ಕೆ ಹೋಗುವವರು ಇನ್ನೊಂದು ತಿಳಿದಿರಬೇಕು. ಆಗ ರಸ್ತೆ ಎನ್ನುವುದು ಒಂದು ಗೆರೆಯಾಗಿರಲಿಲ್ಲ, ಬಂಡಿ ಜಾಡುಗಳ ಒಂದು ಕಟ್ಟು. ಬೇಸಿಗೆಯಲ್ಲಿ ಒಂದು ಜಾಡು, ಮಳೆಗಾಲದಲ್ಲಿ ಇನ್ನೊಂದು. ಎರೆ ಹೊಲ ಮಳೆಗೆ ನೆನೆದರೆ ಬಂಡಿ ಅಚ್ಚಿನವರೆಗೂ ಹೂತುಹೋಗುತ್ತದೆ. ಹಾಗಾಗಿ ಮಳೆಗಾಲದ ಜಾಡು ಗರಸು ನೆಲ ಹುಡುಕಿಕೊಂಡು ಸುತ್ತಿ ಹೋಗುತ್ತದೆ. ಹೊಳೆ ಹತ್ತಿರ ಬಂದಾಗ ಮಾತ್ರ ಎಲ್ಲ ಜಾಡೂ ಹರಿಗೋಲು ಸಿಗುವ ಜಾಗಕ್ಕೆ ಬಂದು ಸೇರುತ್ತವೆ. ಆ ಕಾಲಕ್ಕೆ ತೆಳ್ಳಗೆ ಗೆರೆ ಎಳೆಯುವುದೇ ತಪ್ಪು. ಬಣ್ಣ ಬಳಿದ ಒಂದು ಪಟ್ಟಿ ಹಾಕಿ ಸಾಕು.

ಹೆಜ್ಜೆ 2: ನಂಬರಿನ ಗೊಂದಲ ಬಿಡಿಸಿಕೊಳ್ಳಿ

ಬಹಳ ಜನ ಎಡವುವುದು ಇಲ್ಲೇ. ನಮ್ಮ ರಸ್ತೆ ದಶಕಗಟ್ಟಲೆ ಎನ್‌ಎಚ್ 4 ಆಗಿತ್ತು. ಪುಣೆ, ಕೊಲ್ಹಾಪುರ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು, ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು, ಬೆಂಗಳೂರು, ಕೋಲಾರ ಮುಟ್ಟಿ ಚೆನ್ನೈಗೆ ಹೋಗುತ್ತಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟರು. ಈಗ ಇದು 48, ದೆಹಲಿಯಿಂದ ಚೆನ್ನೈವರೆಗಿನ ರಸ್ತೆಯ ಒಂದು ಭಾಗ. ಹೊಸ ಪದ್ಧತಿಯಲ್ಲಿ ಉತ್ತರ–ದಕ್ಷಿಣದ ರಸ್ತೆಗೆ ಸಮ ಸಂಖ್ಯೆ, ಪೂರ್ವ–ಪಶ್ಚಿಮದ ರಸ್ತೆಗೆ ಬೆಸ ಸಂಖ್ಯೆ.

ಈಗ ತೊಡಕು ನೋಡಿ. 2010ಕ್ಕೆ ಹಿಂದಿನ ನಕ್ಷೆಯಲ್ಲಿ 48 ಎಂದಿದ್ದರೆ ಅದು ಬೆಂಗಳೂರು–ಹಾಸನ–ಮಂಗಳೂರು ರಸ್ತೆ, ಇಂದಿನ 75. ನಾನು ಈ ಕೆಲಸಕ್ಕೆ ಹೊಸಬನಿದ್ದಾಗ ಹಳೇ ಪಟ್ಟಿಯೊಂದರಲ್ಲಿ 48ರ ಕೆಳಗಿದ್ದ ಸೇತುವೆಗಳನ್ನೆಲ್ಲ ಬರೆದುಕೊಂಡು, ಇವು ಚಿತ್ರದುರ್ಗದ ಕಡೆ ಎಲ್ಲೂ ಸಿಗುವುದಿಲ್ಲವಲ್ಲ ಎಂದು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಹೊಸ 4 ಈಗ ಅಂಡಮಾನಿನಲ್ಲಿದೆ. ಇಂಟರ್‌ನೆಟ್‌ನಲ್ಲಿ ಸುಮ್ನೆ ನಂಬರ್ ಹೊಡೆದು ಹುಡುಕಿದರೆ ಎಲ್ಲಿಗೋ ಹೋಗಿ ನಿಲ್ಲುತ್ತೀರಿ.

ಚಿತ್ರದುರ್ಗಕ್ಕೆ ಇನ್ನೊಂದು ಗಂಟು. ಸೊಲ್ಲಾಪುರದಿಂದ ವಿಜಯಪುರ, ಹೊಸಪೇಟೆ, ಕೂಡ್ಲಿಗಿ ಮೇಲೆ ಬಂದು ಹೊಳಲ್ಕೆರೆ, ಶಿವಮೊಗ್ಗದ ಮೂಲಕ ಮಂಗಳೂರಿಗೆ ಇಳಿಯುತ್ತಿದ್ದ ಹಳೇ 13 ಇಲ್ಲೇ ಹಳೇ 4ನ್ನು ಕೂಡುತ್ತಿತ್ತು. ಇಂದು ಹೊಸಪೇಟೆ ಕಡೆಯ ಭಾಗ 50, ಶಿವಮೊಗ್ಗ ಕಡೆಯದ್ದು 369. ಊರ ಹತ್ತಿರ ಹಳೇ ಕಲ್ಲು ಸಿಕ್ಕಿದರೆ ಅದು ಯಾವ ರಸ್ತೆಯದ್ದು ಎಂದು ಖಾತ್ರಿ ಮಾಡಿಕೊಂಡೇ ಬರೆದುಕೊಳ್ಳಿ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಪಟ್ಟಿ ಮಾಡಿ: ಹಳೇ ನಂಬರ್, ಹೊಸ ನಂಬರ್, ಜನ ಕರೆಯುವ ಹೆಸರು. 19ನೇ ಶತಮಾನದ ಕಾಗದದಲ್ಲಿ ನಂಬರೇ ಇರುವುದಿಲ್ಲ. ಅಲ್ಲಿ ಮೂರನೇ ಸಾಲೇ ನಿಮ್ಮ ಕೈ ಹಿಡಿಯುವುದು.

ಹೆಜ್ಜೆ 3: ಹೆಸರು ಮತ್ತು ಗಡಿ

ಇಂಗ್ಲಿಷ್ ದಾಖಲೆಗಳಲ್ಲಿ ಚಿತ್ರದುರ್ಗ ‘ಚಿತಲ್‌ಡ್ರೂಗ್’ ಆಗಿದೆ, ಹರಿಹರ ಕೆಲವು ಕಡೆ ‘ಹರ್ರಿಹರ್’. ಧಾರವಾಡ ‘ಧಾರ್ವಾರ್’. ಹುಡುಕುವಾಗ ಈ ಎಲ್ಲ ಕಾಗುಣಿತವನ್ನೂ ಪ್ರಯತ್ನಿಸಿ.

ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಹಾಗಾಗಿ ದಾವಣಗೆರೆಯ ಹಳೇ ರಸ್ತೆ ಕಡತ ಕೇಳಬೇಕಾದರೆ ‘ಚಿತ್ರದುರ್ಗ ಜಿಲ್ಲೆ’ ಎಂದೇ ಕೇಳಬೇಕು.

ಇನ್ನು ಹರಿಹರ. ಇದು ನಮ್ಮ ಕೆಲಸದಲ್ಲಿ ಬಹಳ ಮುಖ್ಯ. 1956ರವರೆಗೆ ತುಂಗಭದ್ರೆಯ ಈಚೆ ದಡ ಮೈಸೂರು ಸೀಮೆ, ಆಚೆ ದಡ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಸೇತುವೆ ದಾಟಿದರೆ ಸರ್ಕಾರವೇ ಬೇರೆ. ರಸ್ತೆ ನೋಡಿಕೊಳ್ಳುವವರು ಬೇರೆ, ಮೈಲಿ ಎಣಿಕೆ ಬೇರೆ, ಕಡತ ಬೇರೆ. ಈಚೆ ಕಡೆಯದ್ದಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ. ರಾಣೆಬೆನ್ನೂರು ಕಡೆಯದ್ದಕ್ಕೆ ಮುಂಬೈಯ ಮಹಾರಾಷ್ಟ್ರ ಪತ್ರಾಗಾರ. ಕುಮಾರಪಟ್ಟಣ ಹರಿಹರಕ್ಕೆ ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ಅದರ ಹಳೇ ರಸ್ತೆ ಕಾಗದ ಹುಡುಕಲು ಮುಂಬೈ ರೈಲು ಹತ್ತಬೇಕು!

ಹೆಜ್ಜೆ 4: ಮನೆಯಲ್ಲೇ ಕೂತು ಓದುವುದು

ಮೊದಲು ಗೆಜೆಟಿಯರ್, ಅಂದರೆ ಒಂದು ಸೀಮೆಯ ಊರು, ರಸ್ತೆ, ಜನರ ವಿವರ ಇರುವ ಸರ್ಕಾರಿ ಪುಸ್ತಕ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ 1877ರ ಹೊತ್ತಿಗೆ ಬಂತು, 1897ರಲ್ಲಿ ಪರಿಷ್ಕೃತ ಮುದ್ರಣ ಬಂತು. ಎರಡೂ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಚಿತ್ರದುರ್ಗ ಜಿಲ್ಲೆಯ ರಸ್ತೆಗಳ ಭಾಗ ಓದಿ. ನಡುವಿನ 20 ವರ್ಷದಲ್ಲಿ ಬಂದ ದೊಡ್ಡ ಬದಲಾವಣೆ ರೈಲು. ಬೆಂಗಳೂರಿನ ರೈಲು ಹರಿಹರ ಮುಟ್ಟಿದ್ದು 1889ರಲ್ಲಿ. ಅದು ಹಿರಿಯೂರು, ಚಿತ್ರದುರ್ಗ ಬಿಟ್ಟು ಅರಸೀಕೆರೆ, ಬೀರೂರು, ಚಿಕ್ಕಜಾಜೂರಿನ ಕಡೆಯಿಂದ ಬಂತು. ಹಾಗಾಗಿ ನಮ್ಮಲ್ಲಿ ರೈಲು ದಾರಿ ನೋಡಿ ರಸ್ತೆ ಊಹಿಸುವಂತಿಲ್ಲ. ಎರಡೂ ಹತ್ತಿರ ಬರುವುದು ದಾವಣಗೆರೆಯಲ್ಲಿ. ಅಲ್ಲಿಂದ ಹರಿಹರದವರೆಗೆ ಜೊತೆಜೊತೆ.

1800–01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬರೆದ ದಿನಚರಿ 1807ರಲ್ಲಿ ಅಚ್ಚಾಯಿತು. ಅವನು ಒಂದು ದಿನಕ್ಕೆ ಎಷ್ಟು ದೂರ ನಡೆದ, ಎಲ್ಲಿ ತಂಗಿದ ಎಂದು ಬರೆದಿದ್ದಾನೆ. ತಂಗಿದ ಊರುಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ, ನಡುವಿನ ದಾರಿಯನ್ನು ಊಹಿಸಬೇಡಿ. ಇನ್ನೂ ಹಿಂದಕ್ಕೆ ಹೋಗುವ ಆಸೆ ಇದ್ದವರಿಗೆ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಇದೆ. ಅದು ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದು, 1903ರಲ್ಲಿ ಬಂತು. ದಾನ ಕೊಟ್ಟ ಹೊಲದ ಎಲ್ಲೆ ಹೇಳುವ ಸಾಲುಗಳಲ್ಲಿ ‘ಬಟ್ಟೆ’, ‘ಹೆಬ್ಬಟ್ಟೆ’ ಎಂಬ ಪದ ಕಂಡರೆ ನಿಲ್ಲಿ. ಹಳಗನ್ನಡದಲ್ಲಿ ಬಟ್ಟೆ ಅಂದರೆ ದಾರಿ, ಹೆಬ್ಬಟ್ಟೆ ಅಂದರೆ ದೊಡ್ಡ ದಾರಿ. ಆ ಊರಿನ ಆ ದಿಕ್ಕಿನಲ್ಲಿ ಒಂದು ದೊಡ್ಡ ದಾರಿ ಇತ್ತು ಎಂದಷ್ಟೇ ಅದರಿಂದ ತಿಳಿಯುತ್ತದೆ. ಅದೇ ನಮ್ಮ ಪಿ.ಬಿ. ರೋಡ್ ಎಂದು ಹಾರಿಬಿಡಬಾರದು.

ಆಮೇಲೆ ನಕ್ಷೆ. ಸರ್ವೆ ಆಫ್ ಇಂಡಿಯಾದ ಹಳೇ ಪದ್ಧತಿಯ ಹಾಳೆ ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ದಾವಣಗೆರೆ ಮತ್ತು ಚಿತ್ರದುರ್ಗದ ನಡುವೆ 76 ಡಿಗ್ರಿ ರೇಖಾಂಶ ಹಾದು ಹೋಗುತ್ತದೆ. ಇದರಿಂದಾಗಿ ಎರಡು ಊರೂ ಬೇರೆ ಬೇರೆ ಸರಣಿಗೆ ಬಿದ್ದಿವೆ. ಹರಿಹರ 48ಎನ್/14, ದಾವಣಗೆರೆ 48ಎನ್/15, ಭರಮಸಾಗರ 57ಬಿ/3, ಚಿತ್ರದುರ್ಗ 57ಬಿ/8. ಚಿತ್ರದುರ್ಗ ತನ್ನ ಹಾಳೆಯ ಮೇಲಂಚಿಗೆ ಅಂಟಿಕೊಂಡಿರುವುದರಿಂದ 57ಬಿ/7 ಕೂಡ ಕೈಯಲ್ಲಿರಲಿ. ಹಾಳೆ ಸಿಕ್ಕಿದ ಕೂಡಲೇ ಅಂಚಿನ ಬರಹ ಓದಿ. ಮುದ್ರಣದ ವರ್ಷ ಬೇರೆ, ಸರ್ವೆ ಮಾಡಿದ ವರ್ಷ ಬೇರೆ. ನಿಮಗೆ ಬೇಕಾದದ್ದು ಸರ್ವೆಯ ವರ್ಷ.

ಈ ಹಾಳೆಗಳು ಸಿಗುವುದು ತಡವಾದರೆ, 1950ರ ದಶಕದ ಅಮೆರಿಕ ಸೇನೆಯ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಜಾಲತಾಣದಲ್ಲಿ ಇಟ್ಟಿದೆ. ಯು502 ಸರಣಿಯ ಎನ್‌ಡಿ 43-7 ಹಾಳೆಯಲ್ಲಿ ನಮ್ಮ ಇಡೀ 75 ಕಿಲೋಮೀಟರ್ ಒಟ್ಟಿಗೇ ಇದೆ. ಅಳತೆ ಸಣ್ಣದು, ಓಣಿ ಮಟ್ಟದ ವಿವರ ಸಿಗುವುದಿಲ್ಲ. ಆದರೆ ರಸ್ತೆ ಯಾವ ಊರಿನ ಒಳಗೆ ಹೋಗುತ್ತಿತ್ತು, ಯಾವುದರ ಪಕ್ಕ ಹೋಗುತ್ತಿತ್ತು ಎಂದು ತಿಳಿಯಲು ಸಾಕು.

ಮೇಲಿನಿಂದ ತೆಗೆದ ಚಿತ್ರಗಳೂ ಇವೆ. ಅಮೆರಿಕದ ಕೊರೊನಾ ಎಂಬ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳ ಗುಟ್ಟು 1995ರಲ್ಲಿ ಬಿಡುಗಡೆಯಾಯಿತು. ಅವರ ಭೂಸರ್ವೆ ಸಂಸ್ಥೆಯ ಅರ್ತ್ ಎಕ್ಸ್‌ಪ್ಲೋರರ್ ತಾಣದಲ್ಲಿ ಹುಡುಕಬಹುದು. 1984ರಿಂದ ಈಚೆಗೆ ಗೂಗಲ್ ಅರ್ತ್ ಟೈಮ್‌ಲ್ಯಾಪ್ಸ್ ಇದೆ. ವರ್ಷ ಸರಿಸುತ್ತಾ ಹೋಗಿ. ಬೈಪಾಸ್ ಇಲ್ಲದ ವರ್ಷ ಮತ್ತು ಬೈಪಾಸ್ ಬಂದ ವರ್ಷ ಎರಡೂ ಸಿಕ್ಕಿದರೆ ನಿಮ್ಮ ದಿನಾಂಕ ಅವುಗಳ ನಡುವೆ ಇದೆ.

ಹೆಜ್ಜೆ 5: ಗ್ರಾಮ ನಕ್ಷೆಯಲ್ಲಿ ಖರಾಬು ಹುಡುಕಿ

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಇದು. ಆದರೂ ಇದನ್ನು ನೋಡುವವರು ಕಡಿಮೆ.

ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳನ್ನು ಭೂದಾಖಲೆಗಳ ಇಲಾಖೆಯ ತಾಣದಿಂದ ಇಳಿಸಿಕೊಳ್ಳಬಹುದು. ಚಿತ್ರದುರ್ಗದಿಂದ ಹೊರಟು ಲಕ್ಷ್ಮೀಸಾಗರ, ಭರಮಸಾಗರ, ಹೆಬ್ಬಾಳು, ಆನಗೋಡು, ದಾವಣಗೆರೆ ದಾಟಿದ ಮೇಲೆ ದೊಡ್ಡಬಾತಿ ಹೀಗೆ ದಾರಿಯ ಊರುಗಳ ನಕ್ಷೆ ಒಂದೊಂದಾಗಿ ತೆಗೆದುಕೊಳ್ಳಿ. ನಡುವಿನ ಸಣ್ಣ ಗ್ರಾಮಗಳನ್ನೂ ಬಿಡಬೇಡಿ. ಅವುಗಳಲ್ಲಿ ಸರ್ವೆ ನಂಬರುಗಳ ನಡುವೆ ಜೋಡಿ ಗೆರೆಯ ರಸ್ತೆ, ತುಂಡು ಗೆರೆಯ ಬಂಡಿ ದಾರಿ, ಕಾಲುದಾರಿ ಬೇರೆ ಬೇರೆಯಾಗಿ ಕಾಣುತ್ತವೆ. ಸಾಗುವಳಿಗೆ ಲೆಕ್ಕವಿಲ್ಲದ ಜಾಗಕ್ಕೆ ಖರಾಬು ಎನ್ನುತ್ತಾರೆ, ಅದರಲ್ಲಿ ಸಾರ್ವಜನಿಕ ದಾರಿಗೆ ಬಿಟ್ಟ ಜಾಗ ‘ಬಿ ಖರಾಬು’. ಹೊಲದ ಒಡೆಯ ಬದಲಾಗಬಹುದು, ಹೊಲ ಪೋಡಿಯಾಗಿ ನಾಲ್ಕು ಚೂರಾಗಬಹುದು, ಆದರೆ ಬಿ ಖರಾಬಿನ ಪಟ್ಟಿ ಕಾಗದದ ಮೇಲೆ ಹಾಗೇ ಉಳಿಯುತ್ತದೆ. ರಸ್ತೆ ಅಲ್ಲಿಂದ ಹೋಗಿ ಎಷ್ಟೋ ವರ್ಷವಾಗಿ ಮೇಲೆ ಮೆಕ್ಕೆಜೋಳ ಬೆಳೆದು ನಿಂತಿದ್ದರೂ ಉಳಿದಿರುತ್ತದೆ.

ಮಾಡುವುದು ಹೀಗೆ. ಗ್ರಾಮ ನಕ್ಷೆಯಲ್ಲಿ ಅಗಲವಾದ ರಸ್ತೆ ಪಟ್ಟಿ ಎಲ್ಲಿ ಇಂದಿನ ರಸ್ತೆಯಿಂದ ಬೇರೆಯಾಗುತ್ತದೆ ನೋಡಿ. ಅಲ್ಲಿಯ ಸರ್ವೆ ನಂಬರ್ ಬರೆದುಕೊಳ್ಳಿ. ಪಹಣಿಯಲ್ಲಿ ಖರಾಬಿನ ಕಲಂ ನೋಡಿ. ಆಮೇಲೆ ಮೊಬೈಲಿನಲ್ಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆದು ಅದೇ ಸರ್ವೆ ನಂಬರಿಗೆ ಹೋಗಿ ನಿಲ್ಲಿ. ಕಾಗದದ ರಸ್ತೆಯ ಮೇಲೆ ನಿಮ್ಮ ಕಾಲು ಇರುತ್ತದೆ. ಮೊದಲ ಸಲ ಹಾಗೆ ನಿಂತಾಗ ನನಗೆ ಮೈ ಜುಮ್ಮೆಂದಿತ್ತು. ಸುತ್ತ ಬರೀ ಹತ್ತಿ ಹೊಲ, ಒಂದು ಕಡೆ ಸಾಲಾಗಿ ಮೂರು ಹುಣಸೆ ಮರ. ಅವು ಯಾಕೆ ಸಾಲಾಗಿವೆ ಎಂದು ಆಗ ಅರ್ಥವಾಯಿತು.

ಒಂದು ಎಚ್ಚರಿಕೆ. ಖರಾಬು ಅಂದ ಕೂಡಲೇ ಹೊಲದವರಿಗೆ ಗಾಬರಿ. ಒತ್ತುವರಿ ತೆರವಿಗೆ ಬಂದವರು ಎಂದುಕೊಳ್ಳುತ್ತಾರೆ. ಮೊದಲೇ ಹೋಗಿ ಮಾತಾಡಿ, ಏನು ಹುಡುಕುತ್ತಿದ್ದೀರಿ ಎಂದು ಬಿಡಿಸಿ ಹೇಳಿ, ಅವರು ಹೂಂ ಅಂದಮೇಲೆ ಹೊಲಕ್ಕೆ ಇಳಿಯಿರಿ. ಬೆಳೆ ನಿಂತಿದ್ದರೆ ಬದುವಿನ ಮೇಲೇ ನಡೆಯಿರಿ.

ಬೈಪಾಸಿನ ದಿನಾಂಕಕ್ಕೆ ಇದೇ ಥರದ ಇನ್ನೊಂದು ದಾರಿ ಇದೆ. ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವಾಗ ಕಾಯ್ದೆಯ 3ಎ ಮತ್ತು 3ಡಿ ಕಲಮಿನ ಪ್ರಕಟಣೆಗಳು ಕೇಂದ್ರದ ರಾಜ್ಯಪತ್ರದಲ್ಲಿ ಸರ್ವೆ ನಂಬರ್ ಸಮೇತ ಬರುತ್ತವೆ. ಊರಿನ ಒಳಗಿನ ಹಳೇ ತುಂಡನ್ನು ಹೆದ್ದಾರಿಯವರು ಬಿಟ್ಟುಕೊಡುವಾಗಲೂ ಒಂದು ಹಸ್ತಾಂತರ ಪತ್ರ ಇರುತ್ತದೆ. ಅದರಲ್ಲಿ ಎಲ್ಲಿಂದ ಎಲ್ಲಿಗೆ ಎಂಬ ಕಿಲೋಮೀಟರ್ ಲೆಕ್ಕ, ಯಾವ ದಿನದಿಂದ ಎಂಬ ತಾರೀಕು ಎರಡೂ ಸಿಗುತ್ತವೆ. ಮಾಹಿತಿ ಹಕ್ಕಿನಲ್ಲಿ ಅದನ್ನೇ ಕೇಳಿ. 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಹೆದ್ದಾರಿಯ ಇತಿಹಾಸ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ‘ಇಂಥ ಊರಿನ ಒಳಗಿನ ಹಳೇ ಎನ್‌ಎಚ್ 4ರ ಹಸ್ತಾಂತರ ಪತ್ರದ ನಕಲು’ ಎಂದು ಕೇಳಿದರೆ ಕೊಡುವವರಿಗೂ ಸುಲಭ.

ಹೆಜ್ಜೆ 6: ಕಾಲ್ನಡಿಗೆ

ಬೆಳಿಗ್ಗೆ ಬೇಗ ಹೊರಡಿ. ಒಂದು ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ಸಾಕು. ಬೈಪಾಸಿನ ಮೇಲೆ ನಡೆಯಬೇಡಿ, ಅದು ನಡೆಯುವ ಜಾಗವಲ್ಲ. ನಿಮಗೆ ಬೇಕಾದದ್ದು ಅದರ ಪಕ್ಕದಲ್ಲಿ, ಸರ್ವಿಸ್ ರಸ್ತೆಯ ಆಚೆ, ಊರುಗಳ ಒಳಗೆ ಇದೆ.

ಮೊದಲು ಸಣ್ಣ ಸೇತುವೆ, ಮೋರಿಗಳನ್ನು ನೋಡಿ. ಹೊಸ ರಸ್ತೆಗೆ ಕಾಂಕ್ರೀಟ್ ಡಬ್ಬಿ ಮೋರಿ. ಅದರಿಂದ ಸ್ವಲ್ಪ ದೂರದಲ್ಲಿ ಅದೇ ಹಳ್ಳಕ್ಕೆ ಕಲ್ಲಿನ ಕಮಾನಿನ ಕಿರಿದಾದ ಸೇತುವೆ ಕಂಡರೆ ಹಳೇ ದಾರಿ ಸಿಕ್ಕಿತು ಎಂದೇ ಲೆಕ್ಕ. ರಸ್ತೆಯನ್ನು ಕಿತ್ತು ಹೊಲ ಮಾಡಬಹುದು, ಕಲ್ಲು ಸೇತುವೆಯನ್ನು ಕೀಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಹರಿಹರದ ದೊಡ್ಡ ಸೇತುವೆಗೂ ಇದೇ ಪಾಠ. ಹೊಳೆಯಲ್ಲಿ ನೀರು ಇಳಿದಾಗ ದಂಡೆಯಲ್ಲಿ ನಿಂತು ಕಮಾನು ಎಣಿಸಿ, ದಾಖಲೆಯ 14ಕ್ಕೆ ಹೋಲಿಸಿ ನೋಡಿ. ಅಲ್ಲೇ ರೈಲು ಸೇತುವೆ ಬೇರೆ, ಬೈಪಾಸಿನ ಸೇತುವೆ ಬೇರೆ. ಒಂದೇ ಹೊಳೆಯನ್ನು ಬೇರೆ ಬೇರೆ ಕಾಲದವರು ಹೇಗೆ ದಾಟಿದರು ಎಂದು ಅರ್ಧ ದಿನದಲ್ಲಿ ನೋಡಿ ಬರಬಹುದು.

ಆಮೇಲೆ ಸಾಲುಮರ. ಆಲ, ಹುಣಸೆ, ಬೇವು. ಎರಡು ಸಾಲಿನ ನಡುವಿನ ಅಂತರ ಅಳೆಯಿರಿ. ಎದುರುಬದುರು ಮರಗಳ ನಡುವೆ ಒಂದೇ ಅಗಲ ಮುಂದುವರಿಯುತ್ತಿದ್ದರೆ ಅದು ರಸ್ತೆಯ ಸಾಲು. ಒಂದೇ ಸಾಲು ಉಳಿದಿದ್ದರೆ ಇನ್ನೊಂದು ಕಡೆ ಅಗಲ ಮಾಡುವಾಗ ಕಡಿದಿರುತ್ತಾರೆ, ಬುಡದ ಗುರುತು ಹುಡುಕಿ. ಬದುವಿನ ಮೇಲಿನ ಮರಗಳೂ ಸಾಲಾಗಿಯೇ ಇರುತ್ತವೆ ಎಂಬುದನ್ನು ಮರೆಯಬೇಡಿ. ನಾನು ಒಮ್ಮೆ ಹೀಗೆ ಎರಡು ಮರಸಾಲುಗಳನ್ನು ಸ್ಕೇಲ್ ಇಟ್ಟು ಜೋಡಿಸಿ ಚಂದದ ರಸ್ತೆ ಎಳೆದಿದ್ದೆ. ಗ್ರಾಮ ನಕ್ಷೆ ಬಂದಮೇಲೆ ನೋಡಿದರೆ ಅದರಲ್ಲಿ ಒಂದು ಬರೀ ಹೊಲದ ಎಲ್ಲೆ. ಅಳಿಸಿ ಮತ್ತೆ ಶುರು ಮಾಡಬೇಕಾಯಿತು.

ಮೈಲಿಕಲ್ಲು ಸಿಕ್ಕಿದರೆ ಭಾಗ್ಯ. ಮೆಟ್ರಿಕ್ ಅಳತೆ ಕಡ್ಡಾಯವಾದದ್ದು 1962ರಲ್ಲಿ, ಅದಕ್ಕೂ ಹಿಂದಿನ ಕಲ್ಲುಗಳಲ್ಲಿ ಮೈಲಿ. ಒಂದು ಮೈಲಿಗೆ 1.609 ಕಿಲೋಮೀಟರ್, ಎಂಟು ಫರ್ಲಾಂಗು. ಒಂದು ಫರ್ಲಾಂಗ್ ಸುಮಾರು 201 ಮೀಟರ್. ಕಲ್ಲಿನ ಮೇಲೆ ಚಿತ್ರದುರ್ಗ 10 ಎಂದಿದ್ದರೆ ಊರಿಂದ 16 ಕಿಲೋಮೀಟರ್ ಆಗಬೇಕು. ಹಳೇ ದಾರಿಯ ಮೇಲೆ ಅಳೆದು ನೋಡಿ, ತಾಳೆಯಾದರೆ ಕಲ್ಲು ತನ್ನ ಜಾಗದಲ್ಲೇ ಇದೆ. ತಾಳೆಯಾಗದಿದ್ದರೆ ಯಾರೋ ತಂದು ಹಾಕಿಕೊಂಡಿದ್ದಾರೆ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿಯೂ ಸಿಗಬಹುದು. ಮೂರು ಕಡೆಯಿಂದ ಫೋಟೋ ತೆಗೆಯಿರಿ, ಅಕ್ಷರದ ಮೇಲೆ ಸುಣ್ಣ ಬಣ್ಣ ಹಚ್ಚಬೇಡಿ, ಕಲ್ಲನ್ನು ಅಲುಗಿಸಬೇಡಿ. ಈಚಿನ ಕಲ್ಲಾದರೆ ತಲೆಯ ಬಣ್ಣ ನೋಡಿ: ಹಳದಿ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ. ಹಸಿರಿನ ಕೆಳಗೆ ಹಳದಿ ಇಣುಕುತ್ತಿದ್ದರೆ ಆ ರಸ್ತೆಯ ದರ್ಜೆ ಇಳಿದಿದೆ ಎಂದು ತಿಳಿಯಿರಿ.

ಪ್ರವಾಸಿ ಮಂದಿರ, ಹಳೇ ಬಂಗಲೆ, ಛತ್ರ, ಕೆರೆ ಏರಿಯ ಮೇಲಿನ ಅಂಕುಡೊಂಕಾದ ರಸ್ತೆ ಇವೂ ಗುರುತುಗಳೇ. ನಮ್ಮ ಕಡೆ ಹಳೇ ದಾರಿ ಊರಿನ ಕೆರೆ ಏರಿ ಹತ್ತಿ ಇಳಿಯುವುದು ಸಾಮಾನ್ಯ. ಬೈಪಾಸ್ ಹಾಗೆ ಮಾಡುವುದಿಲ್ಲ.

ಹೆಜ್ಜೆ 7: ಊರ ಹಿರಿಯರನ್ನು ಕೇಳಿ

‘ಹೆದ್ದಾರಿ ಯಾವಾಗ ಬದಲಾಯ್ತು?’ ಎಂದು ಕೇಳಬೇಡಿ. ಯಾರಿಗೂ ನೆನಪಿರುವುದಿಲ್ಲ. ‘ಯಜಮಾನ್ರೆ, ಮೊದಲು ಬಸ್ಸು ಎಲ್ಲಿ ನಿಲ್ತಿತ್ತು?’ ಎಂದು ಕೇಳಿ. ‘ಆ ಬೇವಿನ ಮರದ ಬುಡಕ್ಕೇ ನಿಲ್ತಿತ್ತು ನೋಡಪ್ಪ, ಪಕ್ಕದಾಗೇ ಚಾದಂಗಡಿ’ ಎಂಬ ಉತ್ತರ ತಕ್ಷಣ ಬರುತ್ತದೆ. ಲಾರಿ ಎಲ್ಲಿ ಪಂಕ್ಚರ್ ಹಾಕಿಸುತ್ತಿದ್ದರು, ಮಂಡಿಪೇಟೆಗೆ ಹೋಗುವ ಬಂಡಿ ಎಲ್ಲಿ ತಿರುಗುತ್ತಿತ್ತು, ಡಾಂಬರ್ ಹಾಕುವಾಗ ಕೂಲಿಗೆ ಯಾರು ಹೋಗಿದ್ದರು? ಇಂಥ ಪ್ರಶ್ನೆಗಳಿಗೇ ದಾರಿ ಬಾಯಿ ಬಿಡುವುದು. ಹೆಂಗಸರನ್ನು ಕೇಳುವುದು ಬಿಡಬೇಡಿ. ಯಾವ ರಸ್ತೆ ದಾಟಿ ನೀರಿಗೆ ಹೋಗುತ್ತಿದ್ದೆವು ಎಂದು ಅಜ್ಜಿಯರಿಗೆ ಇದ್ದಷ್ಟು ಖಚಿತ ನೆನಪು ಬೇರೆಯವರಿಗೆ ಇರುವುದಿಲ್ಲ.

ವರ್ಷ ಬೇಕಾದರೆ ಎಲ್ಲರಿಗೂ ಗೊತ್ತಿರುವ ಘಟನೆಗೆ ಕಟ್ಟಿ ಕೇಳಿ. ಇಂದಿರಾ ಗಾಂಧಿ ತೀರಿಕೊಂಡಾಗ ಈ ಬೈಪಾಸ್ ಇತ್ತಾ? ದಾವಣಗೆರೆ ಜಿಲ್ಲೆ ಆದಾಗ? 1984, 1997 ಎಂದು ನಿಮಗೆ ಗೊತ್ತು, ಅವರು ವರ್ಷ ಹೇಳಬೇಕಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರ ಮುಂದೆ ಹೇಳದೆ ಇಬ್ಬರು ಮೂವರನ್ನು ಬೇರೆ ಬೇರೆಯಾಗಿ ಕೇಳಿ. ಮಾತು ಕೂಡಿದರೆ ಬರೆದುಕೊಳ್ಳಿ.

ಹೆಜ್ಜೆ 8: ಗೆರೆ ಎಳೆಯುವುದು

ಕಂಪ್ಯೂಟರ್ ಬಲ್ಲವರು ಹಳೇ ನಕ್ಷೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಇಂದಿನ ನಕ್ಷೆಗೆ ಕೂರಿಸಿಕೊಳ್ಳಿ. ಕೂರಿಸಲು ದೇವಸ್ಥಾನ, ರೈಲು ನಿಲ್ದಾಣ, ಕೆರೆ ತೂಬು, ಕೋಟೆ ಬುರುಜು ಹೀಗೆ ಕದಲದ ಜಾಗ ಆರಿಸಿ. ರಸ್ತೆ ಕೂಡುವ ಜಾಗವನ್ನು ಆರಿಸಬೇಡಿ, ಅದೇ ತಾನೇ ನಾವು ಹುಡುಕುತ್ತಿರುವುದು. ಕಂಪ್ಯೂಟರ್ ಬೇಡವಾದರೆ ಟ್ರೇಸಿಂಗ್ ಪೇಪರ್ ಸಾಕು.

ಎರಡು ಬಣ್ಣ ಇಟ್ಟುಕೊಳ್ಳಿ. ಕಾಗದ ಮತ್ತು ನೆಲ ಎರಡೂ ಒಪ್ಪಿದ ತುಂಡು ಕಪ್ಪು. ಒಂದೇ ಸಾಕ್ಷಿ ಇರುವುದು ನೀಲಿ. ಏನೂ ಸಿಗದ ಜಾಗ ಖಾಲಿ. ಖಾಲಿಯನ್ನು ತುಂಬುವ ಆಸೆ ಬಹಳ ಬರುತ್ತದೆ, ತುಂಬಬೇಡಿ. ಮುಂದೆ ಹುಡುಕುವವರಿಗೆ ಅದೇ ದಾರಿ ತೋರಿಸುವುದು. ಓಪನ್‌ಸ್ಟ್ರೀಟ್‌ಮ್ಯಾಪ್ ಇವತ್ತು ಇರುವ ರಸ್ತೆಗಳಿಗೆ ಮಾತ್ರ, ಅಲ್ಲಿ ಹಳೇ ಗೆರೆ ಹಾಕಬೇಡಿ. ಅದಕ್ಕೆಂದೇ ಓಪನ್ ಹಿಸ್ಟಾರಿಕಲ್ ಮ್ಯಾಪ್ ಇದೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಬರೆದು ಸೇರಿಸಬಹುದು.

ಹೊಸದಾಗಿ ಶುರು ಮಾಡುವವರು ದಾವಣಗೆರೆ–ಹರಿಹರದ ತುಂಡನ್ನೇ ಮೊದಲು ಹಿಡಿಯಿರಿ. ಹದಿನೈದು ಕಿಲೋಮೀಟರಿಗಿಂತ ಜಾಸ್ತಿ ಇಲ್ಲ. ಎಕ್ಸ್‌ಪ್ರೆಸ್ ಬಸ್ ಬೇಡ, ಊರೂರಿಗೆ ನಿಲ್ಲುವ ಬಸ್ ಹತ್ತಿ. ಅದು ಪಿ.ಬಿ. ರೋಡ್ ಹಿಡಿದು ದೊಡ್ಡಬಾತಿ ಮೇಲೆ ಹೋಗುತ್ತದೆ. ಹೋಗುವಾಗ ಒಂದು ಕಡೆಯ ಕಿಟಕಿಯಲ್ಲಿ ಕೂತು ನೋಡಿ, ಬರುವಾಗ ಇನ್ನೊಂದು ಕಡೆ. ಮರ, ಮೋರಿ, ಕಲ್ಲು ಎಲ್ಲೆಲ್ಲಿ ಎಂದು ಬರೆದುಕೊಳ್ಳಿ. ಮಾರನೇ ದಿನ ಅಲ್ಲೆಲ್ಲ ಇಳಿದು ನಡೆಯಿರಿ.